ಚಮಿಸಾಲ್‌ನ ನೆಲ: ಅಮೆರಿಕ ಮತ್ತು ಮೆಕ್ಸಿಕೊ ಅಧ್ಯಕ್ಷರ ಸೌಹಾರ್ದ ಭೇಟಿಗಳ ಚರಿತ್ರೆ

ರಾಷ್ಟ್ರಗಳ ಮುಖ್ಯಸ್ಥರು ಪರಸ್ಪರ ಭೇಟಿಯಾಗುವುದನ್ನು ರಾಜತಾಂತ್ರಿಕ ವ್ಯವಹಾರದಲ್ಲಿ ಹಲವು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯಿದೆ. ಆತಿಥೇಯ ರಾಷ್ಟ್ರದ ವಿಧ್ಯುಕ್ತ ಆಹ್ವಾನದ ಮೇಲೆ, ತೋಪಿನ ವಂದನೆ, ಔತಣ, ಸಂಸತ್ತಿನ ಮುಂದೆ ಭಾಷಣ ಮುಂತಾದ ಸಕಲ ಮರ್ಯಾದೆಗಳೊಂದಿಗೆ ನಡೆಯುವುದು ರಾಜ್ಯ ಭೇಟಿ. ಗೊತ್ತುಪಡಿಸಿದ ವಿಷಯಗಳನ್ನು ಚರ್ಚಿಸುವುದಕ್ಕಾಗಿ ನಡೆಯುವುದು ಕಾರ್ಯನಿಮಿತ್ತ ಭೇಟಿ. ಯಾವ ಒಪ್ಪಂದಕ್ಕೂ ಸಹಿ ಬೀಳುವ ನಿರೀಕ್ಷೆಯಿಲ್ಲದೆ ಎರಡು ಜನತೆಗಳ ನಡುವಿನ ವಿಶ್ವಾಸವನ್ನು ಬೆಳೆಸುವುದಕ್ಕೆಂದೇ ನಡೆಯುವುದು ಸೌಹಾರ್ದ ಭೇಟಿ. ಈ ಮೂರನೆಯ ಬಗೆಯನ್ನು ಬರಿಯ ಶಿಷ್ಟಾಚಾರವೆಂದು ಬದಿಗೆ ಸರಿಸುವ ಇತಿಹಾಸಕಾರರು ಅನೇಕರಿದ್ದಾರೆ. ಆದರೆ 3,100 ಕಿಲೋಮೀಟರಿಗೂ ಮಿಕ್ಕಿದ ಗಡಿಯನ್ನು ಹಂಚಿಕೊಂಡಿರುವ, ಒಂದು ಕಾಲದಲ್ಲಿ ಯುದ್ಧ ಮಾಡಿದ, ಬಲದಲ್ಲಿಯೂ ಸಂಪತ್ತಿನಲ್ಲಿಯೂ ಸರಿಸಾಟಿಯಲ್ಲದ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಮೆಕ್ಸಿಕೊಗಳ ನಡುವೆ ಇಂಥ ಭೇಟಿಗಳು ಏನನ್ನು ಸಾಧಿಸಿದವು, ಎಲ್ಲಿ ಸೋತವು ಎಂಬುದನ್ನು ದಾಖಲೆಗಳ ಬೆಳಕಿನಲ್ಲಿ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಅತಿಥಿಯಾಗಿ ಬಂದವನು ಆತಿಥೇಯನ ನಿರ್ದಿಷ್ಟವಾದ ಒಂದು ಅಳಲನ್ನು, ಒಂದು ತುಂಡು ನೆಲವನ್ನೋ ಒಂದು ನದಿಯ ನೀರನ್ನೋ ಸತ್ತವರ ನೆನಪನ್ನೋ, ನೇರವಾಗಿ ಎದುರಿಸಿದಾಗ ಮಾತ್ರ ಸೌಹಾರ್ದಕ್ಕೆ ಬಾಳಿಕೆ ಬಂದಿದೆ ಎಂಬುದು ಈ ಬರಹದ ಪ್ರತಿಪಾದನೆ.

ಹಿನ್ನೆಲೆಯನ್ನು ತಿಳಿಯಲು 1846ರಿಂದ 1848ರವರೆಗೆ ನಡೆದ ಯುದ್ಧದತ್ತ ನೋಡುವುದು ಅನಿವಾರ್ಯ. 1848ರ ಫೆಬ್ರವರಿ 2ರಂದು ಸಹಿಯಾದ ಗ್ವಾದಲೂಪೆ ಇದಾಲ್ಗೊ ಒಪ್ಪಂದದ ಪ್ರಕಾರ ಮೆಕ್ಸಿಕೊ ಟೆಕ್ಸಾಸಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತಲ್ಲದೆ ಇಂದಿನ ಕ್ಯಾಲಿಫೋರ್ನಿಯ, ನೆವಾಡ, ಯೂಟಾ ಮತ್ತು ಅವುಗಳಿಗೆ ಹೊಂದಿದ ವಿಶಾಲ ಪ್ರದೇಶಗಳನ್ನೂ ಒಪ್ಪಿಸಿತು. ಹೀಗೆ ತನ್ನ ಭೂಭಾಗದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡ ಆ ದೇಶಕ್ಕೆ ಸಂದದ್ದು 1.5 ಕೋಟಿ ಡಾಲರ್. ಮೆಕ್ಸಿಕೊದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಕಲಿಯುವ ಈ ಯುದ್ಧ ಅಮೆರಿಕದ ಸಾಮಾನ್ಯ ನೆನಪಿನಲ್ಲಿ ಅಂತರ್ಯುದ್ಧದ ಹಿಂದೆ ಮರೆಯಾಗಿ ಹೋಗಿದೆ. ಒಬ್ಬನಿಗೆ ಗಾಯವಾಗಿ ಉಳಿದದ್ದು ಇನ್ನೊಬ್ಬನಿಗೆ ನೆನಪಿನಲ್ಲೇ ಇಲ್ಲದಿರುವ ಈ ಸ್ಥಿತಿ ಮುಂದಿನ ಭೇಟಿಗಳ ಮೇಲೆಲ್ಲ ತನ್ನ ನೆರಳನ್ನು ಚಾಚಿತು.

ಒಪ್ಪಂದವು ಪೂರ್ವಾರ್ಧದ ಗಡಿಯನ್ನು ಅಮೆರಿಕನ್ನರು ರಿಯೊ ಗ್ರಾಂಡೆ ಎಂದೂ ಮೆಕ್ಸಿಕನ್ನರು ರಿಯೊ ಬ್ರಾವೊ ಎಂದೂ ಕರೆಯುವ ನದಿಯ ಪಾತ್ರದ ನಡುವೆ ಗುರುತಿಸಿತು. ಮರಳು ಮತ್ತು ಹೂಳಿನ ನೆಲದಲ್ಲಿ ಹರಿಯುವ ಆ ನದಿಯಾದರೋ ಒಂದೇ ದಾರಿಯಲ್ಲಿ ನಿಲ್ಲುವಂಥದಲ್ಲ. ಟೆಕ್ಸಾಸಿನ ಎಲ್ ಪಾಸೊ ಮತ್ತು ಎದುರು ದಂಡೆಯ ಸಿಯುದಾದ್ ಹುವಾರೆಸ್ ನಗರಗಳ ನಡುವೆ ಅದು ವರ್ಷದಿಂದ ವರ್ಷಕ್ಕೆ ದಕ್ಷಿಣಕ್ಕೆ ಸರಿಯಿತು; 1864ರ ಪ್ರವಾಹದಲ್ಲಂತೂ ಬಹುದೂರ ಸರಿಯಿತು. ಪರಿಣಾಮವಾಗಿ ಮೆಕ್ಸಿಕೊದ ಚಮಿಸಾಲ್ ಎಂಬ ಜಾಗ ನದಿಯ ಉತ್ತರಕ್ಕೆ ಬಿದ್ದು ಎಲ್ ಪಾಸೊ ನಗರದ ಭಾಗವಾಗಿ ಬೆಳೆಯತೊಡಗಿತು. ನೀರು ದಂಡೆಯನ್ನು ಮೆಲ್ಲಮೆಲ್ಲನೆ ಕೊರೆದರೆ ಗಡಿಯೂ ನದಿಯೊಡನೆ ಸರಿಯಬೇಕು, ಪ್ರವಾಹದಲ್ಲಿ ನದಿ ಒಮ್ಮೆಲೇ ಹೊಸ ಪಾತ್ರಕ್ಕೆ ಹಾರಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯಬೇಕು ಎಂಬುದು 1884ರಲ್ಲಿ ಎರಡೂ ಸರ್ಕಾರಗಳು ಒಪ್ಪಿಕೊಂಡಿದ್ದ ನಿಯಮ. ಚಮಿಸಾಲ್‌ನಲ್ಲಿ ನಡೆದದ್ದು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ, ಅಲ್ಲಿ ಜಮೀನಿದ್ದ ಮೆಕ್ಸಿಕನ್ ಕುಟುಂಬವೊಂದರ ದೂರಿನಿಂದಾಗಿ 1890ರ ದಶಕದಲ್ಲಿ ಉಭಯ ದೇಶಗಳ ಗಡಿ ಆಯೋಗದ ಮುಂದೆ ಬಂದಿತು. ಆಯೋಗದ ಇಬ್ಬರು ಸದಸ್ಯರೂ ತಮ್ಮ ತಮ್ಮ ದೇಶದ ಪಕ್ಷ ಹಿಡಿದದ್ದರಿಂದ ವಿವಾದ ಅಲ್ಲೇ ನಿಂತಿತು.

ಅಧಿಕಾರದಲ್ಲಿದ್ದ ಅಮೆರಿಕದ ಅಧ್ಯಕ್ಷ ಮತ್ತು ಮೆಕ್ಸಿಕೊದ ಅಧ್ಯಕ್ಷ ಚರಿತ್ರೆಯಲ್ಲಿ ಮೊದಲ ಸಲ ಎದುರುಬದುರಾದದ್ದು ಇದೇ ಜಾಗದಲ್ಲಿ, 1909ರ ಅಕ್ಟೋಬರ್ 16ರಂದು. ಮೂರು ದಶಕಗಳಿಂದ ಹೆಚ್ಚುಕಡಿಮೆ ಸತತವಾಗಿ ಆಳುತ್ತಿದ್ದ ಪೋರ್ಫಿರಿಯೊ ದಿಯಾಸ್ ಪದಕಗಳಿಂದ ತುಂಬಿದ ಸೇನಾ ಸಮವಸ್ತ್ರದಲ್ಲಿ ನದಿ ದಾಟಿ ಎಲ್ ಪಾಸೊಗೆ ಬಂದರು. ಅಲ್ಲಿನ ವಾಣಿಜ್ಯ ಮಂಡಳಿಯ ಕಟ್ಟಡದಲ್ಲಿ ಅಮೆರಿಕದ ಅಧ್ಯಕ್ಷ ವಿಲಿಯಂ ಹೋವರ್ಡ್ ಟ್ಯಾಫ್ಟ್ ದಿಯಾಸ್ ಅವರನ್ನು ಬರಮಾಡಿಕೊಂಡರು. ಆ ಮೇಲೆ ಟ್ಯಾಫ್ಟ್ ಮರುಭೇಟಿಗೆಂದು ಹುವಾರೆಸ್‌ಗೆ ಹೋದರು, ಸುಂಕದ ಕಚೇರಿಯಲ್ಲಿ ರಾತ್ರಿ ಔತಣ ನಡೆಯಿತು. ಚಿವಾವ ಪ್ರಾಂತದ ರಾಜ್ಯಪಾಲ ಎನ್ರಿಕೆ ಕ್ರೀಲ್ ಇಬ್ಬರ ಮಾತನ್ನೂ ಭಾಷಾಂತರಿಸಿದರು. ಮೆರವಣಿಗೆಯ ದಾರಿಯಲ್ಲಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪಿಸ್ತೂಲನ್ನು ಹಿಡಿದು ನಿಂತಿದ್ದ ವ್ಯಕ್ತಿಯೊಬ್ಬನನ್ನು ಕಾವಲಿನವರು ಅಧ್ಯಕ್ಷರಿಂದ ಕೆಲವೇ ಅಡಿಗಳ ದೂರದಲ್ಲಿ ಹಿಡಿದುಹಾಕಿದರು. ಆ ದಿನದ ಏರ್ಪಾಟುಗಳಲ್ಲಿ ಇವೆಲ್ಲಕ್ಕಿಂತ ಅರ್ಥಪೂರ್ಣವಾದ ಇನ್ನೊಂದಿದೆ. ಚಮಿಸಾಲ್ ಯಾರದೆಂಬುದು ತೀರ್ಮಾನವಾಗಿರಲಿಲ್ಲವಾದ್ದರಿಂದ ಭೇಟಿಯ ಮಟ್ಟಿಗೆ ಅದನ್ನು ತಟಸ್ಥ ನೆಲವೆಂದು ಪರಿಗಣಿಸಿ, ಅಲ್ಲಿ ಎರಡೂ ದೇಶಗಳ ಬಾವುಟ ಹಾರದಂತೆ ನೋಡಿಕೊಳ್ಳಲಾಯಿತು. ಇಬ್ಬರು ಅಧ್ಯಕ್ಷರು ಕೈಕುಲುಕುವುದಕ್ಕಾಗಿ ವ್ಯಾಜ್ಯವನ್ನು ಒಂದು ದಿನ ಮರೆಯಲ್ಲಿಡಲಾಯಿತೇ ಹೊರತು ಅದರ ಬಗ್ಗೆ ಅಂದು ತೀರ್ಮಾನವೇನೂ ಆಗಲಿಲ್ಲ.

ಈ ಭೇಟಿಯಿಂದ ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಗಣಿ, ರೈಲು ಮತ್ತು ತೈಲದಲ್ಲಿ ತನ್ನ ನಾಡಿನವರು ಹೂಡಿದ್ದ ಬಂಡವಾಳಕ್ಕೆ ದಿಯಾಸ್ ಆಳ್ವಿಕೆಯೇ ರಕ್ಷೆಯೆಂಬುದು ಟ್ಯಾಫ್ಟ್ ಅವರ ಎಣಿಕೆ. ಮುಂದಿನ ವರ್ಷದ ಚುನಾವಣೆಗೆ ಮೊದಲು ಉತ್ತರದ ನೆರೆಯವನ ಬೆಂಬಲ ತನಗಿದೆಯೆಂದು ತೋರಿಸಿಕೊಳ್ಳುವುದು ಎಂಬತ್ತರ ಹೊಸ್ತಿಲಲ್ಲಿದ್ದ ದಿಯಾಸ್ ಅವರ ಅಗತ್ಯ. ಮೆಕ್ಸಿಕೊದ ಜನರ ಅಳಲು ಆ ಔತಣದ ಮೇಜಿಗೆ ಬರಲಿಲ್ಲ. 1910ರ ನವೆಂಬರ್ 20ರಂದು ಕ್ರಾಂತಿಯ ಕರೆ ಮೊಳಗಿತು. 1911ರ ಮೇ 10ರಂದು ಅದೇ ಹುವಾರೆಸ್ ನಗರ ಕ್ರಾಂತಿಕಾರರ ವಶವಾಯಿತು. ಅದೇ ತಿಂಗಳ 25ರಂದು ದಿಯಾಸ್ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ಚಮಿಸಾಲ್ ವಿವಾದವನ್ನು ಮಧ್ಯಸ್ಥಿಕೆಗೆ, ಅಂದರೆ ಮೂರನೆಯ ದೇಶದ ನ್ಯಾಯವೇತ್ತನೊಬ್ಬನನ್ನೂ ಸೇರಿಸಿಕೊಂಡ ಮಂಡಳಿಯ ತೀರ್ಪಿಗೆ, ಒಪ್ಪಿಸಲು 1910ರಲ್ಲಿ ಎರಡೂ ಸರ್ಕಾರಗಳು ಸಮ್ಮತಿಸಿದ್ದು ನಿಜ. ಕೆನಡಾದ ಯೂಜೀನ್ ಲಾಫ್ಲರ್ ಅಧ್ಯಕ್ಷತೆಯ ಆ ಮಂಡಳಿ 1911ರ ಜೂನ್ 15ರಂದು, 1864ರಲ್ಲಿ ನದಿ ಹರಿಯುತ್ತಿದ್ದ ಪಾತ್ರವನ್ನೇ ಗಡಿಯಾಗಿಟ್ಟು ಜಾಗವನ್ನು ಹಂಚಬೇಕೆಂದು ಹೇಳಿತು. ಆ ಪಾತ್ರವನ್ನು ಈಗ ಗುರುತಿಸುವುದೇ ಸಾಧ್ಯವಿಲ್ಲ, ಜಾಗವನ್ನು ಒಡೆದು ಹಂಚುವ ಅಧಿಕಾರವೂ ಮಂಡಳಿಗಿರಲಿಲ್ಲ ಎಂದು ಅಮೆರಿಕ ತೀರ್ಪನ್ನು ತಳ್ಳಿಹಾಕಿತು. ಮಧ್ಯಸ್ಥಿಕೆಗೆ ತಾನೇ ಒಪ್ಪಿ ತೀರ್ಪು ಬಂದ ಮೇಲೆ ಒಲ್ಲೆನೆಂದದ್ದು ಕಾನೂನಿನ ದೃಷ್ಟಿಯಿಂದ ಎಷ್ಟೇ ಸಮರ್ಥನೀಯವೆನಿಸಿದರೂ ನೈತಿಕವಾಗಿ ದೊಡ್ಡ ತಪ್ಪು. ಮುಂದಿನ ಅರ್ಧ ಶತಮಾನ ಮೆಕ್ಸಿಕೊದ ಪ್ರತಿಯೊಂದು ಸರ್ಕಾರವೂ ಅದನ್ನು ಎತ್ತಿ ತೋರಿಸಿತು.

ಆ ನಂತರದ ವರ್ಷಗಳಲ್ಲಿ ಭೇಟಿಗಳ ಜಾಗದಲ್ಲಿ ಸೈನ್ಯಗಳು ಗಡಿ ದಾಟಿದವು. 1914ರ ಏಪ್ರಿಲ್‌ನಲ್ಲಿ ವುಡ್ರೋ ವಿಲ್ಸನ್ ಆಜ್ಞೆಯಂತೆ ಅಮೆರಿಕದ ನೌಕಾಪಡೆ ವೆರಾಕ್ರೂಸ್ ಬಂದರನ್ನು ಹಿಡಿದು ಏಳು ತಿಂಗಳು ಕೂತಿತು. 1916ರ ಮಾರ್ಚ್‌ನಲ್ಲಿ ಕ್ರಾಂತಿಕಾರಿ ಪಾಂಚೊ ವಿಯಾನ ಪಡೆ ನ್ಯೂ ಮೆಕ್ಸಿಕೊದ ಕೊಲಂಬಸ್ ಊರಿನ ಮೇಲೆ ದಾಳಿ ಮಾಡಿದ್ದಕ್ಕೆ ಪ್ರತಿಯಾಗಿ ಜನರಲ್ ಪರ್ಷಿಂಗ್ ನೇತೃತ್ವದ ಸೈನ್ಯ ಮೆಕ್ಸಿಕೊದ ಒಳಗೆ ನುಗ್ಗಿ, ವಿಯಾನನ್ನು ಹಿಡಿಯಲಾರದೆ 1917ರ ಫೆಬ್ರವರಿಯಲ್ಲಿ ಮರಳಿತು. ಅದೇ ವರ್ಷ ಜಾರಿಗೆ ಬಂದ ಮೆಕ್ಸಿಕೊದ ಸಂವಿಧಾನದ 27ನೆಯ ವಿಧಿ ನೆಲದಡಿಯ ಸಂಪತ್ತೆಲ್ಲ ರಾಷ್ಟ್ರದ್ದೆಂದು ಸಾರಿತು. ಅಮೆರಿಕದ ತೈಲ ಕಂಪನಿಗಳಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇರಿರಲಿಲ್ಲ.

ಈ ಬಿಗುವನ್ನು ಮೊದಲಿಗೆ ಸಡಿಲಿಸಿದವರು ಅಧ್ಯಕ್ಷರಲ್ಲ, ವಿಮಾನಿಗಳು. ರಾಯಭಾರಿ ಡ್ವೈಟ್ ಮಾರೊ ಅವರ ಪ್ರಯತ್ನ ಮತ್ತು ಅಧ್ಯಕ್ಷ ಪ್ಲುತಾರ್ಕೊ ಎಲಿಯಾಸ್ ಕಾಯೆಸ್ ಅವರ ಆಹ್ವಾನದಿಂದ ಚಾರ್ಲ್ಸ್ ಲಿಂಡ್‌ಬರ್ಗ್ 1927ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಿಂದ ಮೆಕ್ಸಿಕೊ ನಗರಕ್ಕೆ ಎಲ್ಲೂ ಇಳಿಯದೆ 27 ಗಂಟೆ ಹಾರಿ ಬಂದಾಗ ಜನಸಾಗರವೇ ಎದುರುಗೊಂಡಿತು. ಅದಕ್ಕೆ ಪ್ರತಿಭೇಟಿಯಾಗಿ 1928ರಲ್ಲಿ ವಾಷಿಂಗ್ಟನ್‌ಗೆ ಹೋದ ತರುಣ ವಿಮಾನಿ ಎಮಿಲಿಯೊ ಕರಾನ್ಸ, ನ್ಯೂಯಾರ್ಕಿನಿಂದ ಹೊರಟು ಮರಳುವಾಗ ಜುಲೈ ತಿಂಗಳ ಗುಡುಗುಮಳೆಗೆ ಸಿಕ್ಕಿ ನ್ಯೂ ಜೆರ್ಸಿಯ ಕಾಡಿನಲ್ಲಿ ಬಿದ್ದು ಮಡಿದರು. ಮೆಕ್ಸಿಕೊದ ಶಾಲಾ ಮಕ್ಕಳ ಕಾಣಿಕೆಯಿಂದ ಆ ಜಾಗದಲ್ಲಿ ಎದ್ದ ಸ್ಮಾರಕಕ್ಕೆ ಅಮೆರಿಕದ ಮಾಜಿ ಸೈನಿಕರು ವರ್ಷವರ್ಷವೂ ಗೌರವ ಸಲ್ಲಿಸುತ್ತ ಬಂದಿದ್ದಾರೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಲ್ಲಿ ಸಾರಿದ ಸನ್ನೆರೆಯ ನೀತಿ, ಎಂದರೆ ಲ್ಯಾಟಿನ್ ಅಮೆರಿಕದ ದೇಶಗಳ ಒಳವ್ಯವಹಾರದಲ್ಲಿ ಸೇನೆಯ ಮೂಲಕ ಕೈಹಾಕುವುದಿಲ್ಲವೆಂಬ ವಚನ, ಮೆಕ್ಸಿಕೊದಲ್ಲಿ ಕಠಿಣ ಪರೀಕ್ಷೆಗೆ ಒಳಗಾಯಿತು. 1938ರ ಮಾರ್ಚ್ 18ರಂದು ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ವಿದೇಶಿ ತೈಲ ಕಂಪನಿಗಳ ಆಸ್ತಿಯನ್ನು ರಾಷ್ಟ್ರೀಕರಣ ಮಾಡಿದರು. ಆಗ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಜೋಸಿಫಸ್ ಡೇನಿಯಲ್ಸ್. 1914ರಲ್ಲಿ ನೌಕಾ ಸಚಿವರಾಗಿ ವೆರಾಕ್ರೂಸನ್ನು ಹಿಡಿಯುವ ಆದೇಶವನ್ನು ಕಳಿಸಿದವರೂ ಅವರೇ, ಅಂದು ಅವರ ಕೈಕೆಳಗೆ ಸಹಾಯಕ ಸಚಿವರಾಗಿದ್ದವರು ರೂಸ್‌ವೆಲ್ಟ್. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಯುದ್ಧನೌಕೆ ಕಳಿಸಿದ ಈ ಇಬ್ಬರು ಈ ಸಲ ಸಂಯಮ ತೋರಿ, ಕಂಪನಿಗಳ ಒತ್ತಡಕ್ಕೆ ಮಣಿಯದೆ ಪರಿಹಾರದ ಮೊತ್ತವನ್ನು ಮಾತುಕತೆಗೆ ಬಿಟ್ಟರು. 1942ರಲ್ಲಿ ಅಮೆರಿಕದ ಕಂಪನಿಗಳ ಪರಿಹಾರ ಸುಮಾರು 2.4 ಕೋಟಿ ಡಾಲರ್ ಎಂದು ನಿಗದಿಯಾಯಿತು. ಈ ಸಂಯಮವಿರದಿದ್ದರೆ 1943ರ ಏಪ್ರಿಲ್ 20ರಂದು ರೂಸ್‌ವೆಲ್ಟ್ ರೈಲಿನಲ್ಲಿ ಮೊಂತೆರೆ ನಗರಕ್ಕೆ ಬಂದು ಮೆಕ್ಸಿಕೊದ ಅಧ್ಯಕ್ಷ ಮಾನುಯೆಲ್ ಆವಿಲಾ ಕಮಾಚೊ ಅವರನ್ನು ಕಾಣುವುದು ಸಾಧ್ಯವಾಗುತ್ತಿರಲಿಲ್ಲ. ಮರುದಿನ ಇಬ್ಬರೂ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯ ನೌಕಾ ವಿಮಾನ ನೆಲೆಗೆ ಒಟ್ಟಾಗಿ ಹೋದರು. 1909ರ ನಂತರ, ಮೂವತ್ತನಾಲ್ಕು ವರ್ಷಗಳ ಬಿಡುವಿನ ಮೇಲೆ, ಎರಡು ದೇಶಗಳ ಅಧ್ಯಕ್ಷರು ಕೂಡಿದ್ದು ಆಗಲೇ. ಅಷ್ಟರಲ್ಲಿ ಮೆಕ್ಸಿಕೊ ತನ್ನ ತೈಲ ಹಡಗುಗಳನ್ನು ಜರ್ಮನಿ ಮುಳುಗಿಸಿದ ಕಾರಣ ಯುದ್ಧಕ್ಕೆ ಇಳಿದಿತ್ತು. ಮೆಕ್ಸಿಕೊದ ಕೂಲಿಗಳು ಗೊತ್ತಾದ ಅವಧಿಗೆ ಕರಾರಿನ ಮೇಲೆ ಅಮೆರಿಕದ ಹೊಲಗಳಲ್ಲಿ ದುಡಿಯುವ ಬ್ರಾಸೆರೊ ಎಂಬ ಏರ್ಪಾಡೂ 1942ರಲ್ಲೇ ಆರಂಭವಾಗಿತ್ತು. ಆ ಕೂಲಿಗಳ ವಸತಿ, ವೇತನಗಳ ವಿಷಯದಲ್ಲಿ ಕರಾರು ಹೇಳಿದ್ದು ಒಂದು, ಹೊಲದಲ್ಲಿ ನಡೆದದ್ದು ಬಹಳ ಕಡೆ ಇನ್ನೊಂದು. ಅಧ್ಯಕ್ಷರ ಭೇಟಿಗಳ ಬಿಸಿಲು ಅವರ ಬಿಡಾರಗಳವರೆಗೆ ತಲುಪಲಿಲ್ಲ.

ಸೌಹಾರ್ದ ಭೇಟಿಯೆಂಬ ಹೆಸರಿಗೆ ಸಂಪೂರ್ಣ ಯೋಗ್ಯವಾದದ್ದು ಹ್ಯಾರಿ ಟ್ರೂಮನ್ 1947ರ ಮಾರ್ಚ್ ಮೊದಲ ವಾರದಲ್ಲಿ ಮೆಕ್ಸಿಕೊ ನಗರಕ್ಕೆ ಕೊಟ್ಟ ಭೇಟಿ. ಅಧಿಕಾರದಲ್ಲಿದ್ದ ಅಮೆರಿಕದ ಅಧ್ಯಕ್ಷನೊಬ್ಬ ಆ ರಾಜಧಾನಿಗೆ ಹೋದದ್ದು ಅದೇ ಮೊದಲು. ಹೆಚ್ಚುಕಡಿಮೆ ನೂರು ವರ್ಷಗಳ ಹಿಂದೆ, 1847ರ ಸೆಪ್ಟೆಂಬರ್ 13ರಂದು, ಜನರಲ್ ವಿನ್‌ಫೀಲ್ಡ್ ಸ್ಕಾಟ್ ನೇತೃತ್ವದ ಅಮೆರಿಕದ ಸೈನ್ಯ ಆ ನಗರದ ಅಂಚಿನ ಚಾಪುಲ್ತೆಪೆಕ್ ಗುಡ್ಡವನ್ನು ಏರಿತ್ತು. ಗುಡ್ಡದ ಮೇಲಿನ ಕೋಟೆಯಲ್ಲಿ ಸೇನಾ ವಿದ್ಯಾಲಯವಿತ್ತು. ಹಿಂದೆ ಸರಿಯಲು ಒಪ್ಪದೆ ಹೋರಾಡಿ ಸತ್ತ ಆರು ಮಂದಿ ತರುಣರನ್ನು ಮೆಕ್ಸಿಕೊ ವೀರಬಾಲಕರೆಂದು ಪೂಜಿಸುತ್ತದೆ. ಅವರಲ್ಲೊಬ್ಬನಾದ ಹುವಾನ್ ಎಸ್ಕೂತಿಯ ಬಾವುಟ ಶತ್ರುವಿನ ಕೈಸೇರದಿರಲೆಂದು ಅದನ್ನು ಮೈಗೆ ಸುತ್ತಿಕೊಂಡು ಕೋಟೆಯಿಂದ ಧುಮುಕಿದನೆಂಬ ಐತಿಹ್ಯವಿದೆ. ಚರಿತ್ರಕಾರರು ಈ ಐತಿಹ್ಯದ ವಿವರಗಳನ್ನು ಪ್ರಶ್ನಿಸಿದ್ದಾರೆ, ಆದರೆ ಅದಕ್ಕೆ ಮೆಕ್ಸಿಕನ್ನರ ಹೃದಯದಲ್ಲಿರುವ ಸ್ಥಾನವನ್ನು ಯಾರೂ ಪ್ರಶ್ನಿಸಲಾರರು.

ಟ್ರೂಮನ್ ಆ ಆರು ಮಂದಿಯ ಸ್ಮಾರಕಕ್ಕೆ ಹೋಗುವುದು ಮೊದಲೇ ಪ್ರಕಟವಾದ ಕಾರ್ಯಕ್ರಮದಲ್ಲಿ ಇರಲಿಲ್ಲ. ಅವರು ಅಲ್ಲಿಗೆ ಹೋಗಿ, ಪುಷ್ಪಚಕ್ರವನ್ನಿಟ್ಟು, ತಲೆ ಬಾಗಿಸಿ ಮೌನವಾಗಿ ನಿಂತರು. ಗೌರವ ಕಾವಲಿಗೆ ನಿಂತಿದ್ದ ಮೆಕ್ಸಿಕೊದ ಸೇನಾ ವಿದ್ಯಾರ್ಥಿಗಳ ಕಣ್ಣಲ್ಲಿ ನೀರು ಬಂದಿತು. ಸುದ್ದಿ ನಗರವೆಲ್ಲ ಹರಡಿತು, ಮರುದಿನದ ಪತ್ರಿಕೆಗಳು ಅದನ್ನೇ ಹೊಗಳಿದವು. ಹೀಗೇಕೆ ಮಾಡಿದಿರೆಂದು ಅಮೆರಿಕದ ಪತ್ರಕರ್ತರು ಕೇಳಿದ್ದಕ್ಕೆ ಟ್ರೂಮನ್ ಕೊಟ್ಟ ಉತ್ತರದ ಸಾರ, ಧೀರರು ಯಾವ ಒಂದು ದೇಶಕ್ಕೂ ಸೇರಿದವರಲ್ಲ, ಧೈರ್ಯ ಎಲ್ಲಿ ಕಂಡರೂ ತಾನು ಅದಕ್ಕೆ ತಲೆಬಾಗುವೆನೆಂಬುದು. ಗೆದ್ದ ದೇಶದ ಮುಖ್ಯಸ್ಥ, ಸೋತ ದೇಶದ ಹುತಾತ್ಮರನ್ನು ಕೊಂದದ್ದು ತನ್ನದೇ ಸೈನ್ಯ ಎಂಬುದನ್ನು ಮರೆಮಾಚದೆ, ಅವರ ಸ್ಮಾರಕದ ಮುಂದೆ ನಿಲ್ಲುವುದರ ಬೆಲೆ ಬಹಳ ದೊಡ್ಡದು. ಅದರಿಂದ ಒಂದು ಎಕರೆ ನೆಲವೂ ಮರಳಿ ಬರಲಿಲ್ಲ, ಒಂದು ಸಾಲವೂ ಮನ್ನಾ ಆಗಲಿಲ್ಲ. ಆದರೂ ಒಂದು ಶತಮಾನದ ಕಹಿಯನ್ನು ಯಾವ ಒಪ್ಪಂದವೂ ಕರಗಿಸಲಾರದಷ್ಟು ಅದು ಕರಗಿಸಿತು. ಅದೇ ವರ್ಷದ ವಸಂತದಲ್ಲಿ ಅಧ್ಯಕ್ಷ ಮಿಗೆಲ್ ಅಲೆಮಾನ್ ವಾಷಿಂಗ್ಟನ್‌ಗೆ ಮರುಭೇಟಿ ಕೊಟ್ಟು ಅಮೆರಿಕದ ಸಂಸತ್ತಿನ ಉಭಯ ಸದನಗಳ ಜಂಟಿ ಅಧಿವೇಶನದಲ್ಲಿ ಮಾತನಾಡಿದರು. 1950ರಲ್ಲಿ, 1846–48ರ ಯುದ್ಧದಲ್ಲಿ ವಶಪಡಿಸಿಕೊಂಡಿದ್ದ ಮೆಕ್ಸಿಕೊದ ಬಾವುಟಗಳನ್ನು ಅಮೆರಿಕ ಮರಳಿಸಿತು. ತಲೆ ಬಾಗಿಸಿದ ಒಂದು ಗಳಿಗೆಯ ಹಿಂದೆ ಬಾವುಟಗಳ ಮರಳಿಕೆಯೂ ಬಂದದ್ದರಿಂದಲೇ ಅದು ತೋರಿಕೆಯಾಗಿ ಉಳಿಯಲಿಲ್ಲ.

ಡ್ವೈಟ್ ಐಸೆನ್‌ಹೋವರ್ ಕಾಲದ ಭೇಟಿಗಳು ಹೆಚ್ಚಾಗಿ ಅಣೆಕಟ್ಟುಗಳ ಸುತ್ತ ನಡೆದವು. 1953ರ ಅಕ್ಟೋಬರ್ 19ರಂದು ಅವರು ಮತ್ತು ಮೆಕ್ಸಿಕೊದ ಅಧ್ಯಕ್ಷ ಅದೋಲ್ಫೊ ರುಯಿಸ್ ಕೊರ್ತಿನೆಸ್ ಗಡಿನದಿಗೆ ಅಡ್ಡಲಾಗಿ ಕಟ್ಟಿದ ಫಾಲ್ಕನ್ ಜಲಾಶಯವನ್ನು ಜೊತೆಯಾಗಿ ಲೋಕಾರ್ಪಣೆ ಮಾಡಿದರು. ಅದರ ಮರುವರ್ಷವೇ ಅಮೆರಿಕ ದಾಖಲೆಯಿಲ್ಲದ ಮೆಕ್ಸಿಕನ್ ಕೂಲಿಗಳನ್ನು ಭಾರಿ ಸಂಖ್ಯೆಯಲ್ಲಿ ಹಿಡಿದು ಗಡಿಯಾಚೆಗೆ ಸಾಗಿಸಿತೆಂಬುದನ್ನೂ ಇಲ್ಲಿ ಹೇಳಬೇಕು.

1962ರ ಜೂನ್ ಕೊನೆಯಲ್ಲಿ ಜಾನ್ ಕೆನಡಿ ಪತ್ನಿಸಮೇತ ಮೆಕ್ಸಿಕೊ ನಗರಕ್ಕೆ ಬಂದಾಗ ರಸ್ತೆಗಳ ಇಕ್ಕೆಲದಲ್ಲಿ ಲಕ್ಷಾಂತರ ಜನ ನೆರೆದರು. ಕ್ಯಾಥೊಲಿಕರಾದ ಅಧ್ಯಕ್ಷ ದಂಪತಿಗಳು ಗ್ವಾದಲೂಪೆ ಮಾತೆಯ ಬಸಿಲಿಕಾದಲ್ಲಿ ಪೂಜೆಗೆ ಕೂತದ್ದು, ಜಾಕ್ವೆಲಿನ್ ಕೆನಡಿ ಸ್ಪ್ಯಾನಿಷಿನಲ್ಲಿ ಮಾತಾಡಿದ್ದು ಜನರ ಮನಸ್ಸಿಗೆ ಹತ್ತಿರವಾಯಿತು. ಆದರೆ ಆ ಭೇಟಿ ನೆನಪಿನಲ್ಲಿ ಉಳಿದದ್ದಕ್ಕೆ ಕಾರಣ ಬೇರೆ. ಆ ವರ್ಷದ ಆರಂಭದಲ್ಲಿ ಕ್ಯೂಬಾವನ್ನು ಅಮೆರಿಕ ಖಂಡಗಳ ಒಕ್ಕೂಟದಿಂದ ಹೊರಗಿಡುವ ನಿರ್ಣಯಕ್ಕೆ ಮೆಕ್ಸಿಕೊ ಬೆಂಬಲ ಕೊಟ್ಟಿರಲಿಲ್ಲವಾದ್ದರಿಂದ ಕೆನಡಿಯವರಿಗೆ ಆ ದೇಶದ ವಿಶ್ವಾಸ ಗಳಿಸುವುದು ಅಗತ್ಯವಾಗಿತ್ತು. ಅಧ್ಯಕ್ಷ ಅದೋಲ್ಫೊ ಲೋಪೆಸ್ ಮಾತೆಯೋಸ್ ಸಮಯವನ್ನು ಅರಿತು ಚಮಿಸಾಲ್ ಪ್ರಶ್ನೆಯನ್ನು ಮುಂದಿಟ್ಟರು. ಅಮೆರಿಕದ ಪಾಲಿಗೆ ಅದು ಒಂದು ನಗರದ ಹಿಂಬದಿಯ ಕೆಲವು ನೂರು ಎಕರೆ. ಮೆಕ್ಸಿಕೊದ ಪಾಲಿಗೆ, ಒಪ್ಪಿದ ತೀರ್ಪನ್ನು ಬಲಾಢ್ಯ ನೆರೆಯವನು ಐವತ್ತು ವರ್ಷಗಳಿಂದ ಧಿಕ್ಕರಿಸಿದ್ದರ ಕುರುಹು. ಇದನ್ನು ಅರ್ಥಮಾಡಿಕೊಂಡ ಕೆನಡಿ ಪರಿಹಾರ ಹುಡುಕುವಂತೆ ತಮ್ಮ ಅಧಿಕಾರಿಗಳಿಗೆ ಸೂಚಿಸಿದರು. ರಾಯಭಾರಿ ಥಾಮಸ್ ಮ್ಯಾನ್ ಅವರ ಶ್ರಮದಿಂದ ಒಂದೇ ವರ್ಷದಲ್ಲಿ ಕರಡು ಸಿದ್ಧವಾಗಿ 1963ರ ಆಗಸ್ಟ್ 29ರಂದು ಒಪ್ಪಂದಕ್ಕೆ ಸಹಿ ಬಿತ್ತು. ಅದು ಜಾರಿಗೆ ಬರುವ ಮೊದಲೇ, ಗಡಿ ರಾಜ್ಯವಾದ ಟೆಕ್ಸಾಸಿನಲ್ಲೇ, ಕೆನಡಿ ಗುಂಡಿಗೆ ಬಲಿಯಾದರು.

ಒಪ್ಪಂದದ ತಿರುಳು 1911ರ ತೀರ್ಪಿಗೆ ಹತ್ತಿರವಾದದ್ದು. 1864ರ ಪಾತ್ರವನ್ನು ಹುಡುಕುವ ಗೋಜಿಗೆ ಹೋಗದೆ, ನದಿಯನ್ನೇ ಕಾಂಕ್ರೀಟಿನ ಹೊಸ ಕಾಲುವೆಯೊಳಗೆ ಉತ್ತರಕ್ಕೆ ತಿರುಗಿಸಿ, ಆ ಕಾಲುವೆಯ ನಡುರೇಖೆಯನ್ನು ಶಾಶ್ವತ ಗಡಿಯೆಂದು ನಿಶ್ಚಯಿಸಲಾಯಿತು. ಕಾಲುವೆಯ ಖರ್ಚನ್ನು ಇಬ್ಬರೂ ಸಮವಾಗಿ ಹೊತ್ತರು. ಹಿಂದೊಮ್ಮೆ ನದಿಯ ತಿರುವನ್ನು ಕತ್ತರಿಸಿದಾಗ ಉತ್ತರ ದಂಡೆಯಲ್ಲೇ ಉಳಿದುಹೋಗಿದ್ದ, ಕೊರ್ದೊವಾ ದ್ವೀಪವೆಂಬ ಹೆಸರಿನ ಮೆಕ್ಸಿಕೊದ ತುಂಡಿನಲ್ಲಿ 193 ಎಕರೆ ಅಮೆರಿಕಕ್ಕೆ ಸಂದಿತು; ಕೂಡಿ ಕಳೆದ ಮೇಲೆ ಮೆಕ್ಸಿಕೊಗೆ ನಿವ್ವಳವಾಗಿ 437 ಎಕರೆ ದೊರೆಯಿತು. ಲಿಂಡನ್ ಜಾನ್ಸನ್ 1964ರ ಸೆಪ್ಟೆಂಬರ್ 25ರಂದು ಲೋಪೆಸ್ ಮಾತೆಯೋಸ್ ಅವರೊಂದಿಗೂ, 1967ರ ಅಕ್ಟೋಬರ್ 28ರಂದು ಗುಸ್ತಾವೊ ದಿಯಾಸ್ ಓರ್ದಾಸ್ ಅವರೊಂದಿಗೂ ಇದೇ ಜಾಗದಲ್ಲಿ ಕೂಡಿ ಹಸ್ತಾಂತರದ ವಿಧಿಗಳನ್ನು ಪೂರೈಸಿದರು; 1968ರ ಡಿಸೆಂಬರ್ 13ರಂದು ನದಿ ಹೊಸ ಕಾಲುವೆಗೆ ಹರಿಯಿತು. ಬಾವುಟವೇ ಇಲ್ಲದೆ ಇಬ್ಬರು ಅಧ್ಯಕ್ಷರು ಹಾದುಹೋದ ನೆಲದಲ್ಲಿ, ಐವತ್ತೆಂಟು ವರ್ಷಗಳ ಮೇಲೆ, ಅದರ ಒಡೆಯರಾರೆಂಬ ಪ್ರಶ್ನೆ ಹೀಗೆ ಇತ್ಯರ್ಥವಾಯಿತು. ಬಲಾಢ್ಯ ರಾಷ್ಟ್ರವೊಂದು ಸೈನ್ಯದ ಸೋಲಿಲ್ಲದೆ, ಕೇವಲ ನ್ಯಾಯವೆಂಬ ಕಾರಣಕ್ಕೆ ನೆಲವನ್ನು ಬಿಟ್ಟುಕೊಟ್ಟ ನಿದರ್ಶನಗಳು ಇಪ್ಪತ್ತನೆಯ ಶತಮಾನದಲ್ಲಿ ಬಹಳವಿಲ್ಲ. ಆದ್ದರಿಂದ ಇದನ್ನು ಉದಾರ ಮನಸ್ಸಿನಿಂದ ಮೆಚ್ಚಬೇಕು.

ಮೆಚ್ಚುವಾಗಲೂ ಬೆಲೆ ತೆತ್ತವರು ಯಾರೆಂಬುದನ್ನು ಮರೆಯುವಂತಿಲ್ಲ. ಮೆಕ್ಸಿಕೊಗೆ ಹೋದ ಭಾಗದಲ್ಲಿ ಎಲ್ ಪಾಸೊ ನಗರದ ಸುಮಾರು 5,600 ಜನ ನೆಲೆಸಿದ್ದರು. ಅವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದ, ಕಡಿಮೆ ಆದಾಯದ ಅಮೆರಿಕನ್ ಪ್ರಜೆಗಳು. ಅವರಿಗೆ ಮನೆಯ ಬೆಲೆ ಸಿಕ್ಕಿತು, ಆದರೆ ಅಕ್ಕಪಕ್ಕದವರೊಡನೆ ಕಟ್ಟಿಕೊಂಡಿದ್ದ ಬದುಕಿಗೆ ಬೆಲೆ ಕಟ್ಟುವ ಕ್ರಮ ಯಾವ ಒಪ್ಪಂದದಲ್ಲೂ ಇರುವುದಿಲ್ಲ. ಅಧ್ಯಕ್ಷರಿಬ್ಬರು ಕೈಕುಲುಕುವ ಚಿತ್ರಗಳು ಚರಿತ್ರೆಯ ಪುಸ್ತಕಗಳಲ್ಲಿ ಅಚ್ಚಾದಷ್ಟು, ಸಾಮಾನು ಕಟ್ಟಿಕೊಂಡು ಹೊರಟ ಆ ಕುಟುಂಬಗಳ ಮಾತು ಅಚ್ಚಾಗಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳನ್ನು ಕಳೆದುಕೊಂಡವರನ್ನು ಕಂಡಿರುವ ಕನ್ನಡ ನಾಡಿನ ಓದುಗರಿಗೆ ಈ ಮೌನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಧಿಗಳು ಮುಗಿದ ಬೆನ್ನಿಗೇ ಮಾತು ಮುರಿದ ಉದಾಹರಣೆಯೂ ಇದೇ ಕಾಲದ್ದು. 1969ರ ಸೆಪ್ಟೆಂಬರ್ 8ರಂದು ರಿಚರ್ಡ್ ನಿಕ್ಸನ್ ಮತ್ತು ದಿಯಾಸ್ ಓರ್ದಾಸ್ ಗಡಿನದಿಯ ಇನ್ನೊಂದು ಅಣೆಕಟ್ಟಾದ, ಸ್ನೇಹವೆಂಬ ಅರ್ಥದ ಹೆಸರು ಹೊತ್ತ ಅಮಿಸ್ತಾದ್ ಅಣೆಕಟ್ಟನ್ನು ಉದ್ಘಾಟಿಸಿದರು. ಎರಡೇ ವಾರಗಳೊಳಗೆ, ಸೆಪ್ಟೆಂಬರ್ 21ರಂದು, ಮಾದಕ ವಸ್ತುಗಳ ತಡೆಗೆಂದು ಅಮೆರಿಕ ಗಡಿಯಲ್ಲಿ ಬಂದ ವಾಹನಗಳನ್ನೆಲ್ಲ ಒಂದೊಂದಾಗಿ ಶೋಧಿಸಲು ಹೊರಟು ಗಡಿಯ ವ್ಯಾಪಾರವನ್ನೇ ಸ್ತಬ್ಧಗೊಳಿಸಿತು. ಮೆಕ್ಸಿಕೊದ ಪ್ರತಿಭಟನೆಯ ಬಳಿಕ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಗಡಿನದಿಗಳ ನೀರಿನ ವಿಷಯ ಇದಕ್ಕಿಂತ ಆಳವಾದದ್ದು. 1944ರ ಫೆಬ್ರವರಿ 3ರಂದು ಸಹಿಯಾದ ಜಲ ಒಪ್ಪಂದದ ಪ್ರಕಾರ ಅಮೆರಿಕ ಕೊಲೊರಾಡೊ ನದಿಯಿಂದ ಮೆಕ್ಸಿಕೊಗೆ ಪ್ರತಿವರ್ಷ 15 ಲಕ್ಷ ಎಕರೆ-ಅಡಿ ನೀರು ಕೊಡಬೇಕು. ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರು ಒಂದು ಎಕರೆ-ಅಡಿಯಾದ್ದರಿಂದ, ಕರ್ನಾಟಕದ ರೈತರಿಗೆ ರೂಢಿಯಾದ ಲೆಕ್ಕದಲ್ಲಿ ಇದು ಸುಮಾರು 65 ಟಿಎಂಸಿ ಅಡಿ. ಪ್ರತಿಯಾಗಿ ಮೆಕ್ಸಿಕೊ ರಿಯೊ ಗ್ರಾಂಡೆಯ ಆರು ಉಪನದಿಗಳಿಂದ ವರ್ಷಕ್ಕೆ ಸರಾಸರಿ ಕನಿಷ್ಠ 3.5 ಲಕ್ಷ ಎಕರೆ-ಅಡಿ, ಎಂದರೆ ಸುಮಾರು 15 ಟಿಎಂಸಿ ಅಡಿಯನ್ನು ಅಮೆರಿಕಕ್ಕೆ ಬಿಡಬೇಕು. ಇದರ ಲೆಕ್ಕ ಐದು ವರ್ಷಕ್ಕೊಮ್ಮೆ. ಒಪ್ಪಂದ ನೀರಿನ ಪ್ರಮಾಣವನ್ನು ಹೇಳಿತೇ ಹೊರತು ಗುಣಮಟ್ಟದ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ. 1961ರಿಂದ ಅರಿಜೋನಾದ ವೆಲ್‌ಟನ್–ಮೊಹಾಕ್ ನೀರಾವರಿ ಪ್ರದೇಶದ ಉಪ್ಪು ಬಸಿನೀರು ಕೊಲೊರಾಡೊ ಸೇರತೊಡಗಿ, ಕೆಳಗಿನ ಮೆಹಿಕಾಲಿ ಕಣಿವೆಯ ಹತ್ತಿಯ ಹೊಲಗಳು ಸವಳಾದವು. ಅಧ್ಯಕ್ಷ ಲೂಯಿಸ್ ಎಚೆವೆರಿಯಾ 1972ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಅತಿಥಿಯಾಗಿ ಹೋದಾಗ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಶಿಷ್ಟಾಚಾರದ ಮಾತುಗಳಿಗೆ ತೃಪ್ತರಾಗದೆ ಈ ಉಪ್ಪಿನ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಅತಿಥಿಯಾದವನು ಆತಿಥೇಯನ ಮನೆಯಲ್ಲಿ ದೂರು ಹೇಳುವುದು ಔಚಿತ್ಯವೇ ಎಂದು ಕೆಲವರು ಕೇಳಿದರೂ ಫಲ ಸಿಕ್ಕಿದ್ದು ಆ ನೇರ ಮಾತಿನಿಂದಲೇ. ನಿಕ್ಸನ್ ಮಾಜಿ ನ್ಯಾಯ ಸಚಿವ ಹರ್ಬರ್ಟ್ ಬ್ರೌನೆಲ್ ಅವರನ್ನು ವಿಶೇಷ ಪ್ರತಿನಿಧಿಯಾಗಿ ನೇಮಿಸಿದರು. 1973ರ ಆಗಸ್ಟ್ 30ರಂದು, ಮೆಕ್ಸಿಕೊಗೆ ಬಿಡುವ ನೀರಿನ ಉಪ್ಪಿನಂಶ ಮೇಲಿನ ಇಂಪೀರಿಯಲ್ ಅಣೆಕಟ್ಟಿನ ನೀರಿಗಿಂತ ಎಷ್ಟರಮಟ್ಟಿಗೆ ಮಾತ್ರ ಹೆಚ್ಚಿರಬಹುದೆಂಬ ಮಿತಿ ನಿಗದಿಯಾಯಿತು.

1979ರ ಫೆಬ್ರವರಿಯಲ್ಲಿ ಜಿಮ್ಮಿ ಕಾರ್ಟರ್ ಮೆಕ್ಸಿಕೊ ನಗರಕ್ಕೆ ಹೋದಾಗ, ಮೆಕ್ಸಿಕೊ ಮಾರಲು ಸಿದ್ಧವಾಗಿದ್ದ ನೈಸರ್ಗಿಕ ಅನಿಲದ ಖರೀದಿಯನ್ನು ಅಮೆರಿಕದ ಇಂಧನ ಇಲಾಖೆ ತಡೆದದ್ದರಿಂದ ನೊಂದಿದ್ದ ಅಧ್ಯಕ್ಷ ಹೋಸೆ ಲೋಪೆಸ್ ಪೋರ್ತಿಯೊ ಔತಣದ ಭಾಷಣದಲ್ಲೇ ವಂಚನೆಯ ಮಾತೆತ್ತಿದರು. ಅದಕ್ಕೆ ಕಾರ್ಟರ್ ಕೊಟ್ಟ ಉತ್ತರದಲ್ಲಿ ಮೆಕ್ಸಿಕೊದಲ್ಲಿ ತನ್ನ ಹೊಟ್ಟೆ ಕೆಟ್ಟ ಹಳೆಯ ಪ್ರಸಂಗವೊಂದು ಬಂದು ಆತಿಥೇಯರಿಗೆ ಇನ್ನಷ್ಟು ನೋವಾಯಿತು. ಅಮೆರಿಕದಲ್ಲಿ ಸಣ್ಣ ವಿನೋದವೆನಿಸಿದ್ದು ಅಲ್ಲಿ ಅವಮಾನವೆನಿಸಿತು. 2001ರಲ್ಲಿ ಜಾರ್ಜ್ ಬುಷ್ ತಮ್ಮ ಮೊದಲ ವಿದೇಶ ಪ್ರಯಾಣಕ್ಕೆ ಗ್ವಾನಾಹ್ವಾತೊದಲ್ಲಿರುವ ಮೆಕ್ಸಿಕೊ ಅಧ್ಯಕ್ಷ ವಿಸೆಂತೆ ಫಾಕ್ಸ್ ಅವರ ತೋಟದ ಮನೆಯನ್ನು ಆರಿಸಿಕೊಂಡರು; ಸೆಪ್ಟೆಂಬರ್ 5ರಂದು ವಾಷಿಂಗ್ಟನ್‌ನಲ್ಲಿ ಫಾಕ್ಸ್ ಅವರಿಗೆ ರಾಜ್ಯ ಭೇಟಿಯ ಮರ್ಯಾದೆ ಸಂದಿತು. ಲಕ್ಷಾಂತರ ವಲಸೆ ಕಾರ್ಮಿಕರಿಗೆ ಕಾನೂನಿನ ಆಸರೆ ಕೊಡುವ ಒಪ್ಪಂದ ವರ್ಷದ ಕೊನೆಯೊಳಗೆ ಆಗಬೇಕೆಂದು ಫಾಕ್ಸ್ ಅಲ್ಲಿ ಬಹಿರಂಗವಾಗಿ ಕೇಳಿದರು. ಆರು ದಿನಗಳಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲೆ ನಡೆದ ಭಯೋತ್ಪಾದಕ ದಾಳಿಯೊಂದಿಗೆ ಗಡಿಯೆಂಬುದು ಅಮೆರಿಕದ ಪಾಲಿಗೆ ಭದ್ರತೆಯ ವಿಷಯವಾಗಿ ಮಾರ್ಪಟ್ಟು, ಆ ಒಪ್ಪಂದ ಮತ್ತೆ ಕೈಗೆಟುಕಲಿಲ್ಲ.

2017ರ ಜನವರಿಯಲ್ಲಿ ಗಡಿಗೋಡೆಯ ಖರ್ಚು ಯಾರು ಕೊಡಬೇಕೆಂಬ ವಿವಾದದಿಂದ ಮೆಕ್ಸಿಕೊದ ಅಧ್ಯಕ್ಷ ಎನ್ರಿಕೆ ಪೆನ್ಯಾ ನಿಯೆತೊ ತಮ್ಮ ವಾಷಿಂಗ್ಟನ್ ಭೇಟಿಯನ್ನೇ ರದ್ದು ಮಾಡಿದರು. 2020ರ ಜುಲೈ 8ರಂದು ಅವರ ನಂತರದ ಅಧ್ಯಕ್ಷ ಆಂದ್ರೆಸ್ ಮಾನುಯೆಲ್ ಲೋಪೆಸ್ ಓಬ್ರದೊರ್ ವಾಷಿಂಗ್ಟನ್‌ಗೆ ಬಂದು, ಅಬ್ರಹಾಂ ಲಿಂಕನ್ ಸ್ಮಾರಕಕ್ಕೂ ಬೆನಿತೊ ಹುವಾರೆಸ್ ಪ್ರತಿಮೆಗೂ ಪುಷ್ಪಚಕ್ರವಿಟ್ಟು, ಡೊನಾಲ್ಡ್ ಟ್ರಂಪ್ ಅವರನ್ನು ಕಂಡರು. ಆ ವರ್ಷವೇ 1944ರ ಜಲ ಒಪ್ಪಂದದ ಐದು ವರ್ಷಗಳ ಅವಧಿ ಅಕ್ಟೋಬರ್ 24ಕ್ಕೆ ಮುಗಿಯುವುದಿತ್ತು, ಮೆಕ್ಸಿಕೊದ ಬಾಕಿ ದೊಡ್ಡದಿತ್ತು. ಬರದಲ್ಲಿ ಬೆಂದಿದ್ದ ಚಿವಾವದ ರೈತರು ತಮ್ಮ ಬೆಳೆಯ ನೀರು ಅಮೆರಿಕಕ್ಕೆ ಹೋಗುತ್ತದೆಂದು ಸೆಪ್ಟೆಂಬರ್‌ನಲ್ಲಿ ಲಾ ಬೊಕಿಯಾ ಅಣೆಕಟ್ಟನ್ನು ವಶಪಡಿಸಿಕೊಂಡರು. ರಾಷ್ಟ್ರೀಯ ರಕ್ಷಕ ಪಡೆಯ ಗುಂಡಿಗೆ ಮಹಿಳೆಯೊಬ್ಬರು ಬಲಿಯಾದರು. ಅವಧಿ ಮುಗಿಯಲು ಮೂರು ದಿನವಿರುವಾಗ ಉಭಯ ದೇಶಗಳ ಗಡಿ ಮತ್ತು ಜಲ ಆಯೋಗದಲ್ಲಿ ಒಪ್ಪಂದವಾಗಿ, ಫಾಲ್ಕನ್ ಮತ್ತು ಅಮಿಸ್ತಾದ್ ಜಲಾಶಯಗಳಲ್ಲಿ ಮೆಕ್ಸಿಕೊದ ಹೆಸರಿನಲ್ಲಿದ್ದ ನೀರನ್ನು ಅಮೆರಿಕದ ಹೆಸರಿಗೆ ವರ್ಗಾಯಿಸಿ ಲೆಕ್ಕ ತೀರಿಸಲಾಯಿತು. ಮುಂದಿನ ಅವಧಿ 2025ರ ಅಕ್ಟೋಬರ್‌ನಲ್ಲಿ ಮುಗಿದಾಗ ಬಾಕಿ ಮತ್ತೆ ಉಳಿಯಿತು. ಟೆಕ್ಸಾಸಿನ ದಕ್ಷಿಣ ತುದಿಯ ರೈತರಿಗೂ ಚಿವಾವದ ರೈತರಿಗೂ ಬೇಕಾಗಿರುವುದು ಅದೇ ನದಿಯ ನೀರು. ಚಮಿಸಾಲ್‌ನಲ್ಲಾದಂತೆ ಇದನ್ನು ತಮ್ಮ ಸ್ವಂತ ಹೊಣೆಯಾಗಿ ಎತ್ತಿಕೊಂಡು ಬರುವ ಇಬ್ಬರು ಅಧ್ಯಕ್ಷರ ಭೇಟಿ ಇನ್ನೂ ನಡೆದಿಲ್ಲ.